ಸಿವಿಲೈಸೇಷನ್ 6: ಮೊದಲ ನೂರು ಟರ್ನ್‌ನಲ್ಲಿ ನೆಲ ಹಿಡಿಯುವುದು ಹೇಗೆ

ಸಿವಿಲೈಸೇಷನ್ 6 ಅಂದರೆ ಸರದಿಯ ಮೇಲೆ ಆಡುತ್ತಾ ಒಂದು ನಾಡನ್ನು ಬೆಳೆಸುವ ಕಂಪ್ಯೂಟರ್ ಆಟ. ಅದರಲ್ಲಿ ನೂರನೇ ಟರ್ನ್ (ಸರದಿ) ಮುಗಿದಾಗ ಒಂದು ನಿಮಿಷ ಕೈ ನಿಲ್ಲಿಸಿ ನಿಮ್ಮ ನಗರಗಳನ್ನು ಎಣಿಸಿ. ಎಂಟೋ ಹತ್ತೋ ಇದ್ದರೆ ಮುಂದಿನ ಆಟ ನಿಮ್ಮ ಕೈಯಲ್ಲಿದೆ. ವಿಜ್ಞಾನದಿಂದ ಗೆಲ್ಲುತ್ತೀರೋ, ಸಂಸ್ಕೃತಿಯಿಂದಲೋ, ಯುದ್ಧದಿಂದಲೋ, ಅದು ಆಮೇಲಿನ ಮಾತು. ಮೂರೋ ನಾಲ್ಕೋ ಇದ್ದರೆ, ಅವು ಎಷ್ಟೇ ಚಂದ ಇರಲಿ, ಉಳಿದ ಆಟವೆಲ್ಲ ಬೇರೆಯವರ ಹಿಂದೆ ಓಡುವುದರಲ್ಲೇ ಹೋಗುತ್ತದೆ.

ನಗರ ಸಿಗುವ ದಾರಿ ಎರಡೇ. ಸೆಟ್ಲರ್ ಕಳಿಸಿ ಹೊಸದು ಕಟ್ಟಬೇಕು, ಇಲ್ಲವೇ ಸೈನ್ಯ ಕಳಿಸಿ ಪಕ್ಕದವರದ್ದು ತೆಗೆದುಕೊಳ್ಳಬೇಕು. ತುಂಬಾ ಜನ ಇದನ್ನು ಸ್ವಭಾವದ ವಿಷಯ ಅಂದುಕೊಂಡಿದ್ದಾರೆ. ನನ್ನ ತಮ್ಮನೂ ಹಾಗೇ. "ನಾನು ರಶ್ ಮಾಡುವವನು, ನೀನು ಊರು ಕಟ್ಟುವವಳು" ಅನ್ನುತ್ತಾನೆ. ರಶ್ ಅಂದರೆ ಆಟದ ಆರಂಭದಲ್ಲೇ ಸೈನ್ಯ ಕೂಡಿಸಿ ಪಕ್ಕದವರ ಮೇಲೆ ನುಗ್ಗುವುದು. ತಮ್ಮನ ಈ ಮಾತನ್ನು ನಾನು ಒಪ್ಪುವುದಿಲ್ಲ. ಸೆಟ್ಲರ್ ಆಗಲಿ ಆರ್ಚರ್ (ಬಿಲ್ಲುಗಾರ) ಆಗಲಿ, ಎರಡೂ ನೆಲಕ್ಕೆ ಕೊಡುವ ಬೆಲೆ. ಈ ಸಲ ಯಾವ ಬೆಲೆ ಕಡಿಮೆ ಅನ್ನುವುದನ್ನು ಮ್ಯಾಪ್ ಹೇಳುತ್ತದೆ. ಅದನ್ನು ಬೇಗ ಓದಿಕೊಳ್ಳುವುದು ಹೇಗೆ, ಓದಿದ ಮೇಲೆ ಏನು ಮಾಡಬೇಕು, ಅಷ್ಟನ್ನು ಇಲ್ಲಿ ಹೇಳುತ್ತೇನೆ.

ನಾನು ವಿಜಯಪುರದವಳು. ಹಗಲು ಲೆಕ್ಕಪತ್ರ ಬರೆಯುವ ಕೆಲಸ. ರಾತ್ರಿ ಊಟ ಆದಮೇಲೆ ತಮ್ಮನೂ ನಾನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಹಾಟ್‌ಸೀಟ್ ಆಡುತ್ತೇವೆ, ಅವನ ಟರ್ನ್ ಆದಮೇಲೆ ನನ್ನ ಟರ್ನ್. ಅವನು ಬಾಗಲಕೋಟೆಗೆ ಕಾಲೇಜಿಗೆ ಹೋದ ವಾರಗಳಲ್ಲಿ ನಾನೊಬ್ಬಳೇ ಆಡುತ್ತೇನೆ. ಕೆಳಗಿನ ಅಂಕಿಗಳೆಲ್ಲ 2019ರಲ್ಲಿ ಬಂದ ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆ ಹಾಕಿಕೊಂಡು, ಸ್ಟ್ಯಾಂಡರ್ಡ್ ವೇಗದಲ್ಲಿ ಆಡುವ ಆಟಕ್ಕೆ ಸೇರಿದವು.

ಮೊದಲ ನಗರ ಎಲ್ಲಿ

ಮೊದಲ ಟರ್ನ್‌ನಲ್ಲೇ ರಾಜಧಾನಿ ಕಟ್ಟಿ. ತೀರಾ ಚಲೋ ಜಾಗ ಕಣ್ಣಿಗೆ ಬಿದ್ದಿದ್ದರೆ ಒಂದೆರಡು ಟರ್ನ್ ನಡೆಯಬಹುದು. ಅದಕ್ಕಿಂತ ಜಾಸ್ತಿ ಬೇಡ.

ಚಲೋ ಜಾಗ ಅಂದರೆ ಮೊದಲು ಸಿಹಿನೀರು. ನದಿ ಅಥವಾ ಕೆರೆ ಪಕ್ಕದ ನಗರಕ್ಕೆ ಹೌಸಿಂಗ್ (ಎಷ್ಟು ಜನಕ್ಕೆ ಜಾಗ ಅನ್ನುವ ಅಂಕ) 5 ಸಿಗುತ್ತದೆ. ಸಮುದ್ರದ ದಂಡೆಯಲ್ಲಿ 3. ನೀರೇ ಇಲ್ಲದ ಕಡೆ ಬರೀ 2. ಹೌಸಿಂಗ್ ಮುಗಿಯುತ್ತಾ ಬಂದರೆ ಜನ ಹೆಚ್ಚುವುದು ನಿಧಾನವಾಗುತ್ತದೆ. ಜನ ಇಲ್ಲದೆ ಸೆಟ್ಲರ್ ಇಲ್ಲ, ಯಾಕೆಂದರೆ ಒಂದು ಸೆಟ್ಲರ್ ಹೊರಟರೆ ನಗರದ ಒಂದು ಜನಸಂಖ್ಯೆ ಹೋಗುತ್ತದೆ. ನೀರು ಸಿಕ್ಕ ಮೇಲೆ ನೋಡಬೇಕಾದ್ದು ಗುಡ್ಡ. ಪ್ಲೇನ್ಸ್ ಹಿಲ್ ಮೇಲೆ ನಗರ ಕಟ್ಟಿದರೆ ಕೇಂದ್ರದ ಟೈಲ್‌ನಿಂದ ಊಟ 2, ಪ್ರೊಡಕ್ಷನ್ 2. ಟೈಲ್ ಅಂದರೆ ಮ್ಯಾಪ್ ಮೇಲಿನ ಆರು ಮೂಲೆಯ ಒಂದು ಮನೆ, ಪ್ರೊಡಕ್ಷನ್ ಅಂದರೆ ನಗರದ ಕಟ್ಟುವ ಶಕ್ತಿ. ಸಮತಟ್ಟು ಹುಲ್ಲುಗಾವಲಿನಲ್ಲಿ ಪ್ರೊಡಕ್ಷನ್ 1 ಮಾತ್ರ. ಮೊದಲ ಮೂವತ್ತು ಟರ್ನ್‌ನಲ್ಲಿ ಆ ಒಂದು ಪ್ರೊಡಕ್ಷನ್ ಸೇರಿ, ಸುತ್ತಲಿನ ನೆಲ ನೋಡಿ ಬರುವ ಒಂದು ಸ್ಕೌಟ್‌ನ ಬೆಲೆ ಆಗುತ್ತದೆ.

ಗುಡ್ಡ, ಪಕ್ಕದಲ್ಲೇ ನೀರು: ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾದಾಮಿಗೆ ಹೋಗಿ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಮೇಲೆ ನೋಡಿ. 543ರಲ್ಲಿ ಒಂದನೇ ಪುಲಕೇಶಿ ಆ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ ಅಂತ ಅಲ್ಲಿಯ ಬಂಡೆಯ ಮೇಲಿನ ಶಾಸನವೇ ಹೇಳುತ್ತದೆ. ಕೆಳಗೆ ನೀರು, ಮೇಲೆ ಬಂಡೆ. ಆಟದಲ್ಲೂ ಗುಡ್ಡದ ಮೇಲಿನ ನಗರಕ್ಕೆ ರಕ್ಷಣೆಯ ಬಲ ಸ್ವಲ್ಪ ಜಾಸ್ತಿ ಇರುತ್ತದೆ.

ಮೊದಲ ಇಪ್ಪತ್ತೈದು ಟರ್ನ್

ನಾನು ಕಟ್ಟುವ ಸಾಲು ಹೀಗೆ: ಸ್ಕೌಟ್, ಸ್ಲಿಂಗರ್ (ಕವಣೆಯಿಂದ ಕಲ್ಲು ಎಸೆಯುವವನು), ಮತ್ತೊಂದು ಸ್ಲಿಂಗರ್, ಸೆಟ್ಲರ್. ಸ್ಕೌಟ್‌ಗೆ 30 ಪ್ರೊಡಕ್ಷನ್, ಸ್ಲಿಂಗರ್‌ಗೆ 35, ಮೊದಲ ಸೆಟ್ಲರ್‌ಗೆ 80. ಪ್ರತಿ ಸೆಟ್ಲರ್ ಆದಮೇಲೂ ಮುಂದಿನದರ ಬೆಲೆ ಏರುತ್ತದೆ. ಮಾನ್ಯುಮೆಂಟ್, ಗ್ರ್ಯಾನರಿ, ವಂಡರ್ ಎಲ್ಲ ಆಮೇಲೆ. ವಿಶೇಷವಾಗಿ ವಂಡರ್, ಅಂದರೆ ಜಗತ್ತಿನ ಅದ್ಭುತ ಕಟ್ಟಡಗಳು. ಸ್ಟೋನ್‌ಹೆಂಜ್ ಚಂದ ಇದೆ ನಿಜ. ಆದರೆ ಅದಕ್ಕೆ ಹಾಕುವ ಪ್ರೊಡಕ್ಷನ್‌ನಲ್ಲಿ ಎರಡು ಸೆಟ್ಲರ್ ಹೊರಡುತ್ತವೆ.

ಸ್ಕೌಟ್ ಯಾಕೆ ಮೊದಲು? ಮ್ಯಾಪ್ ಓದದೆ ಮುಂದಿನ ನಿರ್ಧಾರ ಮಾಡಲು ಬರುವುದಿಲ್ಲ ಅಂತ. ಸ್ಕೌಟ್ ಒಂದು ದಿಕ್ಕಿಗೆ ಹೋಗಲಿ, ಆಟದ ಆರಂಭದಲ್ಲೇ ಸಿಗುವ ವಾರಿಯರ್ (ಕಾಲಾಳು) ಇನ್ನೊಂದು ದಿಕ್ಕಿಗೆ ಸುತ್ತಲಿ. ಆದರೆ ವಾರಿಯರ್‌ನನ್ನು ಆರೇಳು ಟೈಲ್‌ಗಿಂತ ದೂರ ಬಿಡಬೇಡಿ. ಬಾರ್ಬೇರಿಯನ್ (ಯಾವ ನಾಡಿಗೂ ಸೇರದ ದಾಳಿಕೋರರು) ಬಂದಾಗ ವಾರಿಯರ್ ಮನೆ ಹತ್ತಿರ ಇರಬೇಕು.

ಬಾರ್ಬೇರಿಯನ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸಬರು ಸೋಲುವುದು ಇಲ್ಲೇ, ಕಲಿತವರಿಗೆ ಲಾಭವಾಗುವುದೂ ಇಲ್ಲೇ. ಬಾರ್ಬೇರಿಯನ್ ಶಿಬಿರದಿಂದ ಮೊದಲು ಒಬ್ಬ ಸ್ಕೌಟ್ ಹೊರಡುತ್ತಾನೆ. ಅವನು ನಿಮ್ಮ ನಗರ ಕಂಡರೆ ಅವನ ತಲೆ ಮೇಲೆ ಕೆಂಪು ಉದ್ಗಾರ ಚಿಹ್ನೆ ಬರುತ್ತದೆ. ಅವನು ತಿರುಗಿ ಶಿಬಿರ ಮುಟ್ಟಿದನೋ, ಅಲ್ಲಿಂದ ಗುಂಪು ಗುಂಪಾಗಿ ದಾಳಿ ಶುರು. ಅಂದರೆ ಅವನನ್ನು ದಾರಿಯಲ್ಲೇ ಮುಗಿಸಬೇಕು.

ಲೆಕ್ಕ ನೋಡಿ. ಎಲ್ಲ ಯೂನಿಟ್‌ಗೂ ಜೀವ 100. ಬಲ ಸಮ ಇದ್ದರೆ ಒಂದು ಹೊಡೆತಕ್ಕೆ ಸರಾಸರಿ 30 ಹೋಗುತ್ತದೆ. ಬಲ 10 ಜಾಸ್ತಿ ಇದ್ದರೆ ಸುಮಾರು 45. ವಾರಿಯರ್ ಬಲ 20, ಬಾರ್ಬೇರಿಯನ್ ಸ್ಕೌಟ್ ಬಲ 10. ಸ್ಲಿಂಗರ್‌ನ ಕಲ್ಲಿನ ಬಲ 15, ಅದರಿಂದ ಸುಮಾರು 36. ಮೊದಲ ಟರ್ನ್‌ನಲ್ಲಿ ಇಬ್ಬರೂ ಹೊಡೆದರೆ ಅವನ ಬಳಿ 20ರಷ್ಟು ಉಳಿಯುತ್ತದೆ. ಮುಂದಿನ ಟರ್ನ್‌ನಲ್ಲಿ ವಾರಿಯರ್‌ನನ್ನು ಸುಮ್ನೆ ನಿಲ್ಲಿಸಿ. ಕೊನೆ ಕಲ್ಲು ಸ್ಲಿಂಗರ್ ಹೊಡೆಯಲಿ. ಯಾಕೆ ಅಂದರೆ ಸ್ಲಿಂಗರ್ ಕೈಯಲ್ಲಿ ಒಂದು ಯೂನಿಟ್ ಸತ್ತರೆ ಆರ್ಚರಿ ವಿದ್ಯೆಗೆ ಯುರೇಕಾ ಸಿಗುತ್ತದೆ, ಅದರ ಖರ್ಚಿನಲ್ಲಿ 40 ಶೇಕಡಾ ಅಲ್ಲೇ ಇಳಿಯುತ್ತದೆ. ಸ್ಲಿಂಗರ್ ಎಸೆಯುವುದು ಪಕ್ಕದ ಟೈಲ್‌ಗೆ ಮಾತ್ರ, ಅವನ ಸ್ವಂತ ರಕ್ಷಣೆಯ ಬಲ ಬರೀ 5. ಹಾಗಾಗಿ ಅವನನ್ನು ವಾರಿಯರ್ ಹಿಂದೆಯೇ ನಡೆಸಿ. ಕಾಡಿನ ಟೈಲ್ ಸಿಕ್ಕರೆ ಅಲ್ಲಿ ನಿಲ್ಲಿಸಿ.

ಶಿಬಿರವನ್ನೂ ಹುಡುಕಿ ಅಳಿಸಿ. ಒಳಗೆ ಸಾಮಾನ್ಯವಾಗಿ ಬಲ 25ರ ಸ್ಪಿಯರ್‌ಮನ್ ಕೂತಿರುತ್ತಾನೆ. ವಾರಿಯರ್ ಒಬ್ಬನೇ ಹೋದರೆ ಪೆಟ್ಟು ತಿನ್ನುತ್ತಾನೆ. ಡಿಸಿಪ್ಲಿನ್ ಅನ್ನುವ ಪಾಲಿಸಿ ಕಾರ್ಡ್ (ಸರ್ಕಾರದ ಒಂದು ನೀತಿ) ಹಾಕಿಕೊಂಡರೆ ಬಾರ್ಬೇರಿಯನ್ ವಿರುದ್ಧ ಬಲ 5 ಏರುತ್ತದೆ, ಆಗ ಸಮಸಮ. ಸ್ಲಿಂಗರ್ ಜತೆಗಿದ್ದರೆ ಮುಗಿದೇ ಹೋಯಿತು. ಶಿಬಿರ ಅಳಿಸಿದರೆ ಚಿನ್ನ ಸಿಗುತ್ತದೆ. ಆ ಚಿನ್ನವನ್ನು ಖರ್ಚು ಮಾಡಬೇಡಿ, ಮುಂದೆ ಬೇಕು.

ಪಾಲಿಸಿ ಕಾರ್ಡ್‌ನ ಗುಟ್ಟು

ಮೊದಲ ಸರ್ಕಾರವಾದ ಚೀಫ್‌ಡಂನಲ್ಲಿ ಎರಡು ಕಾರ್ಡ್‌ಗೆ ಜಾಗ: ಒಂದು ಸೈನ್ಯದ್ದು, ಒಂದು ಆರ್ಥಿಕ. ಸೈನ್ಯದ ಜಾಗಕ್ಕೆ ಅಗೋಗೆ ಅನ್ನುವ ಕಾರ್ಡ್ ಇದೆ, ಅದು ಆರಂಭದ ವಾರಿಯರ್, ಸ್ಲಿಂಗರ್, ಆರ್ಚರ್‌ಗಳನ್ನು 50 ಶೇಕಡಾ ಬೇಗ ಕಟ್ಟಿಸುತ್ತದೆ. ಆರ್ಥಿಕ ಜಾಗಕ್ಕೆ ಕಾಲೊನೈಸೇಷನ್, ಅದು ಸೆಟ್ಲರ್‌ಗೆ 50 ಶೇಕಡಾ. ಎರಡೂ ಬೇರೆ ಬೇರೆ ಜಾಗದವು. ಒಂದನ್ನು ಹಾಕಿದರೆ ಇನ್ನೊಂದು ತೆಗೆಯಬೇಕಿಲ್ಲ. ರಶ್ ಬೇರೆ, ವಿಸ್ತರಣೆ ಬೇರೆ ಅನ್ನುವವರಿಗೆ ನಾನು ಮೊದಲು ತೋರಿಸುವುದು ಈ ಎರಡು ಕಾರ್ಡ್‌ಗಳನ್ನೇ.

ಅಗೋಗೆ ಬರುವುದು ಕ್ರಾಫ್ಟ್ಸ್‌ಮನ್‌ಶಿಪ್ ಸಿವಿಕ್‌ನಿಂದ. ಸಿವಿಕ್ ಅಂದರೆ ವಿದ್ಯೆಯ ಹಾಗೇ ಒಂದೊಂದಾಗಿ ಕಲಿಯುವ ಸಂಸ್ಕೃತಿಯ ಮೆಟ್ಟಿಲು. ಮೂರು ಟೈಲ್ ಅಭಿವೃದ್ಧಿ ಮಾಡಿದರೆ ಇದು ಬೇಗ ಮುಗಿಯುತ್ತದೆ. ಒಬ್ಬ ಬಿಲ್ಡರ್‌ಗೆ ಮೂರು ಸಲ ಕೆಲಸ ಮಾಡುವ ಶಕ್ತಿ ಇದೆ, ಸರಿಯಾಗಿ ಅಷ್ಟೇ ಸಾಕು. ಕಾಲೊನೈಸೇಷನ್ ಬರುವುದು ಅರ್ಲಿ ಎಂಪೈರ್‌ನಿಂದ. ಎಲ್ಲ ನಗರ ಸೇರಿ ಜನಸಂಖ್ಯೆ 6 ಆದರೆ ಅದಕ್ಕೂ ರಿಯಾಯಿತಿ. ಇದಕ್ಕೇ ನಾನು ಮೊದಲ ಸೆಟ್ಲರ್ ಆದಮೇಲೆ ಸ್ವಲ್ಪ ತಡೆದು ಜನ ಬೆಳೆಯಲು ಬಿಡುತ್ತೇನೆ, ಕಾರ್ಡ್ ಬಂದ ಕೂಡಲೇ ಸಾಲು ಸಾಲು ಸೆಟ್ಲರ್ ಹಾಕುತ್ತೇನೆ. ಸಿವಿಕ್ ಮುಗಿದ ಟರ್ನ್‌ನಲ್ಲಿ ಕಾರ್ಡ್ ಬದಲಿಸುವುದು ಪುಕ್ಕಟೆ. ಆ ಟರ್ನ್ ತಪ್ಪಿಸಿಕೊಳ್ಳಬೇಡಿ.

ಇಪ್ಪತ್ತೈದನೇ ಟರ್ನ್‌ನ ನಿರ್ಧಾರ

ಈ ಹೊತ್ತಿಗೆ ಸ್ಕೌಟ್ ಪಕ್ಕದವರ ರಾಜಧಾನಿ ಕಂಡಿರುತ್ತಾನೆ. ಈಗ ಟೈಲ್ ಎಣಿಸಿ. ನಿಮ್ಮ ರಾಜಧಾನಿಯಿಂದ ಅವರದಕ್ಕೆ ಹತ್ತು ಟೈಲ್ ಅಥವಾ ಅದಕ್ಕೂ ಕಡಿಮೆ ಇದ್ದರೆ ಸೈನ್ಯ. ಹದಿನೈದು ದಾಟಿದರೆ ಸೆಟ್ಲರ್. ನಡುವೆ ಇದ್ದರೆ ಮೊದಲ ಸೆಟ್ಲರ್ ಅವರ ದಿಕ್ಕಿಗೇ ಹೋಗಲಿ. ಅವರು ಬಂದು ಕೂರುವ ಮೊದಲು ನಡುವಿನ ನದಿಯೋ ಕಣಿವೆಯೋ ನಿಮ್ಮದಾಗಲಿ. ನಿಮ್ಮ ಬೆನ್ನ ಹಿಂದಿನ ನೆಲಕ್ಕೆ ಯಾರೂ ಬರುವುದಿಲ್ಲ, ಅದನ್ನು ಆಮೇಲೆ ತುಂಬಿಕೊಳ್ಳಬಹುದು.

ಯಾಕೆ ಹತ್ತು? ಎರಡು ನಗರಗಳ ನಡುವೆ ಕನಿಷ್ಠ ಮೂರು ಟೈಲ್ ಖಾಲಿ ಇರಬೇಕು ಅನ್ನುವುದು ಆಟದ ನಿಯಮ. ಹತ್ತು ಟೈಲ್ ಅಂತರದಲ್ಲಿ ಎರಡು ರಾಜಧಾನಿ ಇದ್ದರೆ ನಡುವೆ ಒಂದು ನಗರ ಹಿಡಿಸುವುದೇ ಕಷ್ಟ. ಜತೆಗೆ ಲಾಯಲ್ಟಿ, ಅಂದರೆ ನಗರ ತನ್ನ ಒಡೆಯನಿಗೆ ಇಟ್ಟುಕೊಂಡ ನಿಷ್ಠೆ, ಇದೆ. ಒಂಬತ್ತು ಟೈಲ್ ಒಳಗಿನ ಎಲ್ಲ ಜನರ ಒತ್ತಡ ನಿಮ್ಮ ಹೊಸ ಊರಿನ ಮೇಲೆ ಬೀಳುತ್ತದೆ. ಅವರ ದೊಡ್ಡ ನಗರದ ಪಕ್ಕ ನಿಮ್ಮ ಒಂದು ಜನದ ಊರು ಕೆಲವೇ ಟರ್ನ್‌ನಲ್ಲಿ ಕೈಬಿಟ್ಟು ಹೋಗುತ್ತದೆ. ಅಂಥ ಕಡೆ ಸೆಟ್ಲರ್ ಕಳಿಸುವುದು ದುಡ್ಡು ನೀರಿಗೆ ಹಾಕಿದ ಹಾಗೆ. ಅಲ್ಲಿ ನೆಲ ಬೇಕು ಅಂದರೆ ಆ ರಾಜಧಾನಿಯನ್ನೇ ತೆಗೆದುಕೊಳ್ಳಬೇಕು.

ದೂರದವರ ಮೇಲೆ ರಶ್ ಮಾಡಬೇಡಿ. ಇಪ್ಪತ್ತು ಟೈಲ್ ನಡೆಯುವಷ್ಟರಲ್ಲಿ ಅವರ ಗೋಡೆ ಎದ್ದಿರುತ್ತದೆ. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಗೆದ್ದವರ ಸಾಲು ಓದಿದರೆ ನನಗೆ ಇದೇ ಕ್ರಮ ಕಾಣುತ್ತದೆ. ಮೊದಲು ಮನೆಯೊಳಗಿನ ಜಗಳ, ಆಮೇಲೆ ಬನವಾಸಿಯ ಕದಂಬರು, ಗಂಗರು, ಆಳುಪರು, ಕೊಂಕಣದ ಮೌರ್ಯರು. ಹರ್ಷವರ್ಧನನ ಹೆಸರು ಬರುವುದು ಇವರೆಲ್ಲ ಆದಮೇಲೆ. ಹತ್ತಿರದವರು ಮೊದಲು.

ಆರ್ಚರ್ ರಶ್, ಹತ್ತಿರದಿಂದ

ಬೇಕಾದದ್ದು ಇಷ್ಟು: ಮೂರೋ ನಾಲ್ಕೋ ಆರ್ಚರ್, ಇಬ್ಬರು ವಾರಿಯರ್. ಆರ್ಚರ್‌ನನ್ನು ನೇರ ಕಟ್ಟಿದರೆ 60 ಪ್ರೊಡಕ್ಷನ್. ಅದರ ಬದಲು 35ರ ಸ್ಲಿಂಗರ್ ಕಟ್ಟಿ ಇಟ್ಟುಕೊಂಡು, ಆರ್ಚರಿ ವಿದ್ಯೆ ಬಂದ ಟರ್ನ್‌ನಲ್ಲಿ ತಲಾ 60 ಚಿನ್ನ ಕೊಟ್ಟು ಮೇಲೇರಿಸಿ. ಶಿಬಿರದ ಚಿನ್ನ ಉಳಿಸಿ ಅಂದದ್ದು ಇದಕ್ಕೇ. ಮೇಲೇರಿಸುವಾಗ ಯೂನಿಟ್ ನಿಮ್ಮ ಗಡಿಯೊಳಗೆ ಇರಬೇಕು, ಆದ್ದರಿಂದ ಹೊರಡುವ ಮೊದಲೇ ಈ ಕೆಲಸ ಮುಗಿಸಿ.

ಆರ್ಚರ್ ಬಲ 25, ಎರಡು ಟೈಲ್ ದೂರದಿಂದ ಬಾಣ. ಆದರೆ ನಗರದ ಮೇಲೆ ಬಿಟ್ಟಾಗ ಆ ಬಲದಲ್ಲಿ 17 ಕಡಿತ. ಹಾಗಾದರೆ ಯಾಕೆ ಆರ್ಚರ್? ಮೊದಲನೆಯದು, ಗೋಡೆ ಇಲ್ಲದ ನಗರ ತಿರುಗಿ ಬಾಣ ಬಿಡುವುದಿಲ್ಲ, ನಿಮ್ಮ ಆರ್ಚರ್‌ಗೆ ನಗರದಿಂದ ಏನೂ ಆಗುವುದಿಲ್ಲ. ಎರಡನೆಯದು, ಅವರ ಕಾವಲಿನ ವಾರಿಯರ್‌ಗಳನ್ನು ಹತ್ತಿರ ಬರುವ ಮೊದಲೇ ಕರಗಿಸುವುದು ಆರ್ಚರ್‌ಗಳೇ. ಕಂಪ್ಯೂಟರ್ ತನ್ನ ಸೈನ್ಯವನ್ನು ಒಂದೊಂದಾಗಿ ನಿಮ್ಮ ಕಡೆ ಕಳಿಸುತ್ತದೆ. ನೀವು ಅವರ ಗಡಿಯ ಆಚೆ, ಗುಡ್ಡ ಅಥವಾ ನದಿಯ ಈಚೆ ದಂಡೆಯಲ್ಲಿ ನಿಂತು ಎರಡು ಮೂರು ಟರ್ನ್ ಕಾಯಿರಿ. ಬಂದವರೆಲ್ಲ ಅಲ್ಲೇ ಮುಗಿಯಲಿ. ಆಮೇಲೆ ನಗರಕ್ಕೆ ಹೋಗಿ. ಇದನ್ನು ಅವಸರ ಮಾಡುವವರೇ ಜಾಸ್ತಿ. ಮೊದಲ ಟರ್ನ್‌ನಲ್ಲೇ ನಗರಕ್ಕೆ ನುಗ್ಗಿದರೆ ಹಿಂದಿನಿಂದ ಬಂದ ಎರಡು ವಾರಿಯರ್ ನಿಮ್ಮ ಆರ್ಚರ್‌ಗಳನ್ನು ತಿಂದುಬಿಡುತ್ತವೆ.

ನಗರದ ಜೀವ 200. ಸುಮ್ಮನೆ ಬಿಟ್ಟರೆ ಪ್ರತಿ ಟರ್ನ್‌ಗೂ ತನ್ನಷ್ಟಕ್ಕೆ ವಾಸಿಯಾಗುತ್ತದೆ. ಅದನ್ನು ನಿಲ್ಲಿಸಲು ಮುತ್ತಿಗೆ ಹಾಕಬೇಕು. ಸುತ್ತಲಿನ ಆರೂ ಟೈಲ್‌ನಲ್ಲಿ ನಿಂತರೆ ಮಾತ್ರ ಮುತ್ತಿಗೆ ಅಂತ ತಿಳಿಯಬೇಡಿ. ಕೈಕೈ ಕಾದಾಡುವ ಯೂನಿಟ್ ತನ್ನ ಪಕ್ಕದ ಟೈಲ್‌ಗಳನ್ನೂ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ನಗರದ ಎದುರುಬದುರು ಎರಡು ಕಡೆ ಒಬ್ಬೊಬ್ಬ ವಾರಿಯರ್ ನಿಂತರೆ ಆರೂ ಟೈಲ್ ಮುಚ್ಚಿದ ಹಾಗೆ. ಆರ್ಚರ್‌ಗೆ ಈ ಹಿಡಿತ ಇಲ್ಲ. ಇಬ್ಬರು ವಾರಿಯರ್ ಬೇಕು ಅಂದದ್ದು ಇದಕ್ಕೆ.

ಆರ್ಚರ್‌ಗಳನ್ನು ನಿಲ್ಲಿಸುವ ಜಾಗ ನೋಡಿಕೊಳ್ಳಿ. ನಡುವಿನ ಟೈಲ್‌ನಲ್ಲಿ ಕಾಡೋ ಗುಡ್ಡವೋ ಇದ್ದರೆ ಎರಡು ಟೈಲ್ ದೂರದ ಗುರಿ ಕಾಣುವುದಿಲ್ಲ. ಹಿಂದಿನ ಟರ್ನ್‌ನಲ್ಲೇ ಒಂದೊಂದೇ ಟೈಲ್ ಎಣಿಸಿ ಯಾರು ಎಲ್ಲಿ ನಿಲ್ಲಬೇಕು ಅಂತ ಯೋಚಿಸಿ. ಯೂನಿಟ್‌ಗೆ ಪ್ರಮೋಷನ್ ಬಂದರೆ ಕೂಡಲೇ ತೆಗೆದುಕೊಳ್ಳಬೇಡಿ. ಪ್ರಮೋಷನ್ ತೆಗೆದುಕೊಂಡಾಗ 50 ಜೀವ ವಾಪಸ್ ಬರುತ್ತದೆ. ಪೆಟ್ಟು ತಿಂದು ಸಾಯುವ ಹಾಗೆ ಆದ ಟರ್ನ್‌ಗೆ ಅದನ್ನು ಇಟ್ಟುಕೊಳ್ಳಿ.

ಬಾಣ ಬಿಟ್ಟು ನಗರದ ಜೀವ ತಳ ಮುಟ್ಟಿದ ಮೇಲೆ ಒಳಗೆ ಹೋಗಬೇಕಾದವನು ವಾರಿಯರ್. ಆರ್ಚರ್‌ಗೆ ನಗರ ಹಿಡಿಯಲು ಬರುವುದಿಲ್ಲ. ನದಿ ದಾಟಿ ಹೊಡೆದರೆ ಹೊಡೆತ ಕಡಿಮೆ, ಹಾಗಾಗಿ ಕೊನೆ ಹೊಡೆತದ ವಾರಿಯರ್ ನಗರ ಇರುವ ದಂಡೆಯಲ್ಲೇ ಇರಲಿ.

ನಗರ ಸಿಕ್ಕಿತು. ಯುದ್ಧ ಮುಗಿಯುವ ತನಕ ಅದು ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ರಾಜಿ ಮಾಡುವಾಗ ಆ ನಗರವನ್ನು ಬಿಟ್ಟುಕೊಡುವ ಷರತ್ತು ಹಾಕಿಸಿ, ಆಗ ಅದು ಪೂರ್ತಿ ನಿಮ್ಮದು. ಅಲ್ಲಿಗೆ ಒಬ್ಬ ಗವರ್ನರ್ ಕಳಿಸಿದರೆ ಲಾಯಲ್ಟಿ ಪ್ರತಿ ಟರ್ನ್‌ಗೆ 8 ಸಿಗುತ್ತದೆ. ಯುದ್ಧ ಶುರುವಾಗಿ ಹತ್ತು ಟರ್ನ್ ಆಗುವ ತನಕ ರಾಜಿಗೆ ಅವಕಾಶ ಇಲ್ಲ, ಅಷ್ಟು ದಿನದ ತಯಾರಿ ಇಟ್ಟುಕೊಂಡೇ ಹೊರಡಿ.

ನೀವು ಹೋಗುವ ಮೊದಲೇ ಅವರ ಗೋಡೆ ಎದ್ದಿದೆ ಅಂದುಕೊಳ್ಳಿ. ಆಗ ಆರ್ಚರ್‌ಗಳಿಂದ ಗೋಡೆಗೆ ಆಗುವ ಹಾನಿ ತೀರಾ ಕಡಿಮೆ. ಮೇಸನರಿ ವಿದ್ಯೆಯಿಂದ ಗೋಡೆ ಒಡೆಯುವ ದಿಮ್ಮಿಯಾದ ಬ್ಯಾಟರಿಂಗ್ ರ‍್ಯಾಮ್ ಸಿಗುತ್ತದೆ, ಅದು ನಗರದ ಪಕ್ಕ ಇದ್ದರೆ ವಾರಿಯರ್ ಹೊಡೆತ ಗೋಡೆಗೆ ಪೂರ್ತಿ ತಾಗುತ್ತದೆ. ಬಲ 35ರ ಸ್ವೋರ್ಡ್ಸ್‌ಮನ್ ಇದ್ದರೆ ಇನ್ನೂ ಚಲೋ, ಆದರೆ ಒಬ್ಬೊಬ್ಬನಿಗೆ 20 ಕಬ್ಬಿಣ ಬೇಕು. ಎರಡೂ ಕೈಯಲ್ಲಿ ಇಲ್ಲದಿದ್ದರೆ ನಿಂತುಬಿಡಿ. ಆರ್ಚರ್‌ಗಳನ್ನು ಗಡಿಯ ಕಾವಲಿಗೆ ಇಟ್ಟು ಸೆಟ್ಲರ್ ದಾರಿಗೆ ತಿರುಗಿ. ಗೋಡೆಗೆ ತಲೆ ಚಚ್ಚಿಕೊಂಡು ಅರವತ್ತನೇ ಟರ್ನ್ ತನಕ ಕೂರುವುದಕ್ಕಿಂತ ಎರಡು ಹೊಸ ನಗರ ಮೇಲು.

ಇನ್ನೊಂದು ಸಣ್ಣ ವಿಷಯ, ಲಾಭ ಮಾತ್ರ ದೊಡ್ಡದು. ಈ ಆಟದಲ್ಲಿ ಶತ್ರುವಿನ ಸೆಟ್ಲರ್ ಹಿಡಿದರೆ ಅದು ಸೆಟ್ಲರ್ ಆಗಿಯೇ ನಿಮ್ಮ ಕೈಗೆ ಬರುತ್ತದೆ. ಪಕ್ಕದವರ ಸೆಟ್ಲರ್ ಕಾವಲಿಲ್ಲದೆ ನಿಮ್ಮ ವಾರಿಯರ್ ಪಕ್ಕ ಬಂದು ನಿಂತಿತೋ, ಯುದ್ಧ ಸಾರಲು ಅದಕ್ಕಿಂತ ಒಳ್ಳೆ ಟರ್ನ್ ಇಲ್ಲ. ಅವರಿಗೆ ಒಂದು ನಗರ ನಷ್ಟ, ನಿಮಗೆ ಒಂದು ಲಾಭ. ಹೀಗಾಗಿ, ಹೊಡೆಯಬೇಕು ಅಂತ ಮನಸ್ಸಿನಲ್ಲಿ ಇರುವವರ ಜತೆ ಸ್ನೇಹದ ಘೋಷಣೆಗೆ ಒಪ್ಪಬೇಡಿ. ಅದು 30 ಟರ್ನ್ ಕೈ ಕಟ್ಟಿಹಾಕುತ್ತದೆ. ಇನ್ನೊಂದು ಬದಿಯ ನೆರೆಯವರಿಗೆ ಮಾತ್ರ ಸಿಕ್ಕ ಟರ್ನ್‌ನಲ್ಲೇ 25 ಚಿನ್ನ ಕೊಟ್ಟು ನಿಯೋಗ ಕಳಿಸಿ. ಒಂದು ಕಡೆ ಯುದ್ಧ ಇರುವಾಗ ಇನ್ನೊಂದು ಕಡೆ ಶಾಂತಿ ಬೇಕು, ಅಲ್ವಾ?

ಸೆಟ್ಲರ್ ದಾರಿ

ಹಿಂಗಾರಿ ಜೋಳ ಬಿತ್ತುವವರಿಗೆ ಗೊತ್ತು, ಎರೆ ಹೊಲದಲ್ಲಿ ಹದ ಇರುವಾಗಲೇ ಕೂರಿಗೆ ಹೂಡಬೇಕು. ಹದ ಆರಿದ ಮೇಲೆ ಬೀಜ ಎಷ್ಟಿದ್ದರೂ ಉಪಯೋಗ ಇಲ್ಲ. ಈ ಆಟದಲ್ಲಿ ಖಾಲಿ ನೆಲದ ಹದ ಮೂವತ್ತರಿಂದ ಎಂಬತ್ತನೇ ಟರ್ನ್ ತನಕ. ಆ ಐವತ್ತು ಟರ್ನ್‌ನಲ್ಲಿ ಪ್ರೊಡಕ್ಷನ್‌ನ ದೊಡ್ಡ ಪಾಲು ಸೆಟ್ಲರ್‌ಗೇ ಹೋಗಬೇಕು.

ಮೊದಲ ಗವರ್ನರ್ ಮ್ಯಾಗ್ನಸ್ ಆಗಲಿ, ರಾಜಧಾನಿಯಲ್ಲಿ ಕೂರಲಿ. ಅವನಿಗೆ ಪ್ರಾವಿಷನ್ ಅನ್ನುವ ಪ್ರಮೋಷನ್ ಕೊಟ್ಟರೆ ಆ ನಗರದ ಸೆಟ್ಲರ್‌ಗೆ ಜನಸಂಖ್ಯೆ ಕಡಿಮೆಯಾಗುವುದಿಲ್ಲ. ಇನ್ನು ಕಾಡು. ಮೈನಿಂಗ್ ಬಂದಮೇಲೆ ಬಿಲ್ಡರ್ ಕಾಡು ಕಡಿದರೆ ಪ್ರೊಡಕ್ಷನ್ ಒಂದೇ ಸಲಕ್ಕೆ ಬರುತ್ತದೆ. ಮ್ಯಾಗ್ನಸ್ ಇದ್ದರೆ ಅದು 50 ಶೇಕಡಾ ಜಾಸ್ತಿ, ಸೆಟ್ಲರ್ ಕಟ್ಟುತ್ತಿರುವಾಗ ಕಾಲೊನೈಸೇಷನ್ ಕಾರ್ಡ್‌ನ 50 ಶೇಕಡಾ ಅದರ ಮೇಲೆ. ನಾನು ಬಿಲ್ಡರ್‌ಗಳನ್ನು ಮೊದಲೇ ಕಾಡಿನ ಪಕ್ಕ ನಿಲ್ಲಿಸಿ, ಕಾರ್ಡ್ ಬಂದ ಟರ್ನ್‌ನಲ್ಲೇ ಕಡಿಯಲು ಶುರು ಮಾಡುತ್ತೇನೆ. ರಾಜಧಾನಿ ಸುತ್ತ ಮೂರು ನಾಲ್ಕು ಕಾಡಿನ ಟೈಲ್ ಇದ್ದರೆ ಕೆಲವೇ ಟರ್ನ್‌ನಲ್ಲಿ ಎರಡು ಸೆಟ್ಲರ್ ಎದುರಿಗೆ ನಿಲ್ಲುತ್ತವೆ.

ಪುಕ್ಕಟೆ ಸೆಟ್ಲರ್ ಕೂಡ ಒಂದಿದೆ. 25 ಫೇತ್ (ಭಕ್ತಿಯ ಅಂಕ) ಸೇರಿದರೆ ಪ್ಯಾಂಥಿಯನ್ (ನಾಡಿನ ಮೊದಲ ನಂಬಿಕೆ) ಆರಿಸಬಹುದು. ಅದರಲ್ಲಿ ರಿಲಿಜಿಯಸ್ ಸೆಟ್ಲ್‌ಮೆಂಟ್ಸ್ ಆರಿಸಿದರೆ ರಾಜಧಾನಿಯಲ್ಲಿ ಒಂದು ಸೆಟ್ಲರ್ ಬಂದು ನಿಲ್ಲುತ್ತದೆ. ಮೊದಲಿಂದಲೇ ಗಾಡ್ ಕಿಂಗ್ ಕಾರ್ಡ್ ಹಾಕಿದರೆ ಟರ್ನ್‌ಗೆ ಒಂದು ಫೇತ್ ಬರುತ್ತದೆ. ಕಂಪ್ಯೂಟರ್‌ಗೂ ಇದು ಇಷ್ಟ, ತಡಮಾಡಿದರೆ ಬೇರೆಯವರು ಕಸಿದುಕೊಳ್ಳುತ್ತಾರೆ.

ನಗರಗಳನ್ನು ಹತ್ತಿರ ಹತ್ತಿರ ಕಟ್ಟಿ. ನಿಯಮ ಬಿಟ್ಟಷ್ಟು ಹತ್ತಿರ. ಪ್ರತಿ ನಗರಕ್ಕೂ ದೊಡ್ಡ ಬಯಲು ಬೇಕು ಅಂತ ದೂರ ದೂರ ಹೋಗುವವರಿದ್ದಾರೆ, ಅದು ಬೇಡ. ಹತ್ತಿರ ಇದ್ದರೆ ಒಂದಕ್ಕೊಂದು ಲಾಯಲ್ಟಿ ಕೊಡುತ್ತವೆ, ಎರಡು ಆರ್ಚರ್ ಮೂರು ಊರು ಕಾಯುತ್ತಾರೆ, ನಡುವೆ ಬೇರೆಯವರು ನುಗ್ಗಲು ಜಾಗವೇ ಇರುವುದಿಲ್ಲ. ಸೆಟ್ಲರ್ ಮೇಲೆ ಕ್ಲಿಕ್ ಮಾಡಿದರೆ ಮ್ಯಾಪ್‌ಗೆ ಬಣ್ಣ ಬರುತ್ತದೆ. ಗಾಢ ಹಸಿರು ಅಂದರೆ ಸಿಹಿನೀರು, ತಿಳಿ ಹಸಿರು ಸಮುದ್ರದ ದಂಡೆ, ಕೆಂಪು ಕಟ್ಟಲಾಗದ ಜಾಗ. ಮೊದಲ ನಾಲ್ಕು ನಗರ ಗಾಢ ಹಸಿರಿನಲ್ಲೇ ಇರಲಿ. ಐದನೆಯದರಿಂದ ನೀರಿಲ್ಲದ ಕಡೆಗೂ ಹೋಗಬಹುದು, ಕುದುರೆಯೋ ಕಬ್ಬಿಣವೋ ಇದ್ದರೆ ಖಂಡಿತ ಹೋಗಿ.

ಭಾರತದ ನಾಯಕರಾಗಿ ಆಡಿದರೆ ನೀರಿಲ್ಲದ ಜಾಗಕ್ಕೂ ಉತ್ತರ ಇದೆ. ಇರಿಗೇಷನ್ ವಿದ್ಯೆಯಿಂದ ಮೆಟ್ಟಿಲುಬಾವಿ ಕಟ್ಟಬಹುದು, ಊಟವೂ ಹೌಸಿಂಗೂ ಏರುತ್ತದೆ. ಗುಡ್ಡದ ಮೇಲೆ ಬರುವುದಿಲ್ಲ, ಎರಡು ಬಾವಿ ಪಕ್ಕಪಕ್ಕ ಬರುವುದಿಲ್ಲ. ತಾಜ್ ಬಾವಡಿ ಇರುವ ಊರಿನವಳಾದ್ದರಿಂದಲೋ ಏನೋ, ಮ್ಯಾಪ್ ಮೇಲೆ ಆ ಬಾವಿ ಕಂಡರೆ ನನಗೆ ಭಾಳ ಖುಷಿ. ಅದೂ ಅಲ್ಲದೆ ಭಾರತಕ್ಕೆ ವಾರು ಅನ್ನುವ ಆನೆ ಇದೆ. ಬಲ 40, ಕುದುರೆ ಕಬ್ಬಿಣ ಯಾವುದೂ ಬೇಡ, ಪಕ್ಕ ನಿಂತ ಶತ್ರುಗಳ ಬಲದಲ್ಲಿ 5 ಕಡಿತ. ನಡಿಗೆ ನಿಧಾನ. ಆರ್ಚರ್ ರಶ್ ತಪ್ಪಿಹೋದವರು ನಾಲ್ಕು ಆನೆ, ಒಂದು ರ‍್ಯಾಮ್ ಮತ್ತು ಅದರ ಜತೆ ಗೋಡೆ ಒಡೆಯಲು ಇಬ್ಬರು ವಾರಿಯರ್ ಇಟ್ಟುಕೊಂಡು ಎರಡನೇ ಸಲ ಹೋಗಬಹುದು. ರ್‍ಯಾಮ್‌ನ ಸಹಾಯ ಆನೆಗೆ ಸಿಗುವುದಿಲ್ಲ. ಚಂದ್ರಗುಪ್ತನಾಗಿದ್ದರೆ ಮಿಲಿಟರಿ ಟ್ರೈನಿಂಗ್ ಸಿವಿಕ್ ಬಂದಮೇಲೆ ಅವನದೇ ರೀತಿಯ ಯುದ್ಧ ಸಾರಬಹುದು. ಮೊದಲ ಹತ್ತು ಟರ್ನ್ ಬಲ 5 ಜಾಸ್ತಿ, ನಡಿಗೆ 2 ಜಾಸ್ತಿ. ನಿಧಾನದ ಆನೆಗೆ ಅದೇ ಬೇಕಾದದ್ದು.

ತಮ್ಮ ಯಾವಾಗಲೂ ಸುಮೇರಿಯದ ನಾಯಕ ಗಿಲ್ಗಮೆಶ್ ಆರಿಸುತ್ತಾನೆ. ಸುಮೇರಿಯದ ವಾರ್ ಕಾರ್ಟ್‌ಗೆ ಯಾವ ವಿದ್ಯೆಯೂ ಬೇಡ, ಮೊದಲ ಟರ್ನ್‌ನಿಂದಲೇ ಕಟ್ಟಬಹುದು, ಬಲ 30. ವಾರಿಯರ್‌ಗಿಂತ 10 ಜಾಸ್ತಿ ಅಂದರೆ ಏನು ಅಂತ ಮೇಲೆ ನೋಡಿದಿರಿ. ಅಂಥವರು ಪಕ್ಕದಲ್ಲಿ ಇದ್ದರೆ ಮೊದಲ ಸೆಟ್ಲರ್‌ಗಿಂತ ಮೊದಲು ಮೂರು ಸ್ಲಿಂಗರ್ ಕಟ್ಟಿ, ಗುಡ್ಡ ಹಿಡಿಯಿರಿ, ಗೋಡೆಗೆ ಅವಸರ ಮಾಡಿ. ಮನುಷ್ಯರು ಎದುರಿಗಿದ್ದಾಗ ಮತ್ತೊಂದು ವ್ಯತ್ಯಾಸ: ಕಂಪ್ಯೂಟರ್ ಹಾಗೆ ಒಂದೊಂದಾಗಿ ಬರುವುದಿಲ್ಲ, ಎಲ್ಲ ಸೇರಿಸಿಕೊಂಡೇ ಬರುತ್ತಾರೆ.

ಎರಡನೇ ಅಲೆ ಮತ್ತು ನಿಲ್ಲಿಸುವ ಹೊತ್ತು

ಶಿಬಿರ ಅಳಿಸಿದ್ದಕ್ಕೆ ಎರಾ ಸ್ಕೋರ್ ಬರುತ್ತದೆ, ಮುಂದಿನ ಯುಗ ಹೇಗಿರುತ್ತದೆ ಅನ್ನುವುದನ್ನು ತೀರ್ಮಾನಿಸುವ ಅಂಕ ಅದು. ಕ್ಲಾಸಿಕಲ್ ಯುಗ ಸುವರ್ಣಯುಗವಾಗಿ ಶುರುವಾದರೆ ಮಾನ್ಯುಮೆಂಟಾಲಿಟಿ ಅನ್ನುವ ಕೊಡುಗೆ ಆರಿಸಿ. ಫೇತ್ ಕೊಟ್ಟು ಸೆಟ್ಲರ್, ಬಿಲ್ಡರ್ ಕೊಳ್ಳಬಹುದು, ಬೆಲೆಯೂ 30 ಶೇಕಡಾ ಕಡಿಮೆ. ನಗರಗಳ ಸಂಖ್ಯೆ ಐದರಿಂದ ಹತ್ತಕ್ಕೆ ಏರುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಗವರ್ನಮೆಂಟ್ ಪ್ಲಾಜಾದಲ್ಲಿ ಆನ್ಸೆಸ್ಟ್ರಲ್ ಹಾಲ್ ಕಟ್ಟಿದರೆ ಆ ನಗರದ ಸೆಟ್ಲರ್‌ಗೆ ಮತ್ತೆ 50 ಶೇಕಡಾ, ಪ್ರತಿ ಹೊಸ ಊರಿಗೆ ಒಬ್ಬ ಬಿಲ್ಡರ್ ಪುಕ್ಕಟೆ. ಇನ್ನೂ ಖಾಲಿ ನೆಲ ಉಳಿದಿದ್ದರೆ ಮಾತ್ರ ಕಟ್ಟಿ.

ಕಲಿಯುವಾಗ ಕಿಂಗ್ ಅಥವಾ ಎಂಪರರ್ ಮಟ್ಟದಲ್ಲಿ ಆಡಿ. ಎಲ್ಲಕ್ಕಿಂತ ಕಠಿಣವಾದ ಡೈಟಿ ಮಟ್ಟದಲ್ಲಿ ಕಂಪ್ಯೂಟರ್ ಮೂರು ಸೆಟ್ಲರ್, ಐದು ವಾರಿಯರ್ ಇಟ್ಟುಕೊಂಡು ಶುರು ಮಾಡುತ್ತದೆ, ಅದರ ಪ್ರತಿ ಯೂನಿಟ್‌ಗೂ ಬಲ 4 ಜಾಸ್ತಿ. ಅಲ್ಲಿ ರಶ್‌ಗೆ ಹೊರಡುವ ಮುಂಚೆ ಅವರ ಮೊದಲ ದಾಳಿಯನ್ನು ಮನೆಯಲ್ಲೇ ತಡೆದು ಕರಗಿಸಬೇಕು.

ಲ್ಯಾಪ್‌ಟಾಪ್ ಹಳೆಯದಾದರೆ ಸ್ಟ್ರಾಟೆಜಿಕ್ ವ್ಯೂ ಹಾಕಿಕೊಳ್ಳಿ. ಮ್ಯಾಪ್ ಚಪ್ಪಟೆ ಆಗುತ್ತದೆ, ಯಂತ್ರಕ್ಕೆ ಭಾರ ಕಡಿಮೆ. ಮೇ ತಿಂಗಳ ನಮ್ಮೂರಿನ ಬಿಸಿಲಿಗೆ ಅದಿಲ್ಲದೆ ಆಗುವುದೇ ಇಲ್ಲ. ಟೈಲ್ ಎಣಿಸಲೂ ಅದೇ ವಾಸಿ. ಆಪ್ಷನ್ಸ್‌ನಲ್ಲಿ ಆಟೋಸೇವ್ ಅನ್ನು ಪ್ರತಿ ಟರ್ನ್‌ಗೂ ಇಟ್ಟರೆ ಕರೆಂಟ್ ಹೋದರೂ ಮುತ್ತಿಗೆ ಅಲ್ಲಿಂದಲೇ ಮುಂದುವರಿಯುತ್ತದೆ.

ಖಾಲಿ ನೆಲ ಮುಗಿದು, ಹೊಸ ಸೆಟ್ಲರ್‌ನ ಬೆಲೆ ಒಂದು ಡಿಸ್ಟ್ರಿಕ್ಟ್‌ನ ಬೆಲೆ ಮೀರಿದಾಗ ನಿಲ್ಲಿಸಿ. ಡಿಸ್ಟ್ರಿಕ್ಟ್ ಅಂದರೆ ಒಂದು ಕೆಲಸಕ್ಕೆ ಮೀಸಲಾದ ನಗರದ ಬಡಾವಣೆ. ಕಾಲೊನೈಸೇಷನ್ ತೆಗೆದು ಅರ್ಬನ್ ಪ್ಲಾನಿಂಗ್ ಹಾಕಿ, ಎಲ್ಲ ನಗರಕ್ಕೂ ಪ್ರೊಡಕ್ಷನ್ ಒಂದೊಂದು ಏರುತ್ತದೆ. ಮ್ಯಾಗ್ನಸ್‌ನನ್ನು ಕಾಡು ಉಳಿದಿರುವ ನಗರಕ್ಕೆ ಕಳಿಸಿ. ಉಳಿದ ನೆರೆಯವರ ಜತೆ ಈಗ ಸ್ನೇಹದ ಘೋಷಣೆ ಮಾಡಿಕೊಳ್ಳಿ. ಪ್ರತಿ ನಗರದಲ್ಲೂ ಮೊದಲ ಡಿಸ್ಟ್ರಿಕ್ಟ್ ಶುರು ಮಾಡಿ. ಆರ್ಚರ್‌ಗಳನ್ನು ಮಾತ್ರ ಅಳಿಸಬೇಡಿ, ಪ್ರಮೋಷನ್ ಪಡೆದ ಆರ್ಚರ್ ಮುಂದೆ ಚಿನ್ನ ಕೊಟ್ಟರೆ ಕ್ರಾಸ್‌ಬೋಮನ್ ಆಗುತ್ತಾನೆ, ಆ ಪ್ರಮೋಷನ್‌ಗಳೆಲ್ಲ ಅವನ ಜತೆಗೇ ಇರುತ್ತವೆ.